ಕಾಂಪ್ಲೆಕ್ಸ್ ಒಳಗೆ ಸೈಕಲ್ ತರಬಾರದು ಅನ್ನೋ ಬೋರ್ಡ್: ಹಾಕೋ ಹಕ್ಕು ಯಾರಿಗಿದೆ? ಸೈಕಲ್ ಹಿಡಿದಿಟ್ಟರೆ, ಗಾಳಿ ಬಿಟ್ಟರೆ ಏನು ಮಾಡಬೇಕು? ಇಲ್ಲಿದೆ ಪೂರ್ತಿ ಮಾಹಿತಿ

ಸಂಜೆ ಶಾಲೆ ಬಿಟ್ಟ ಮೇಲೆ ತಾಲ್ಲೂಕು ಕೇಂದ್ರದ ಯಾವುದೇ ಕಾಂಪ್ಲೆಕ್ಸ್ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಈ ಮಾತುಕತೆ ಕೇಳಿಸುತ್ತೆ.

"ಏಯ್ ಹುಡುಗ, ಸೈಕಲ್ ಆಚೆ ನಿಲ್ಸು."

"ಅಣ್ಣ, ಬೀಗ ಇಲ್ಲ ಅಣ್ಣ. ಎರಡೇ ನಿಮಿಷ, ಜೆರಾಕ್ಸ್ ಮಾಡಿಸ್ಕೊಂಡು ಬಂದ್ಬಿಡ್ತೀನಿ."

"ಬೋರ್ಡ್ ಕಾಣಲ್ವಾ ನಿಂಗೆ?"

ಬೋರ್ಡ್ ಕಾಣುತ್ತೆ. 'ಒಳಗೆ ಸೈಕಲ್ ತರಬಾರದು' ಅಂತ ಕೆಂಪು ಬಣ್ಣದಲ್ಲಿ ಬರೆದಿರುತ್ತೆ. ಆದ್ರೆ ಅದನ್ನ ಹಾಕಿದವರು ಯಾರು, ಯಾವ ನಿಯಮದ ಪ್ರಕಾರ, ಆಚೆ ಅಂದ್ರೆ ಎಲ್ಲಿ ನಿಲ್ಲಿಸಬೇಕು, ಮಾತು ಕೇಳದಿದ್ರೆ ಏನಾಗುತ್ತೆ ಅನ್ನೋದು ಬೋರ್ಡ್‌ನಲ್ಲಿ ಇರಲ್ಲ. ಹಂಗಾಗಿ ಜಗಳ. ಕೆಲವು ಕಡೆ ವಾಚ್‌ಮನ್ ಗಾಳಿ ಬಿಡ್ತಾರೆ, ಕೆಲವು ಕಡೆ ಸೈಕಲ್ ಎತ್ತಿ ಗೋಡೌನ್‌ಗೆ ಹಾಕಿ ಐವತ್ತು ರೂಪಾಯಿ ಕೇಳ್ತಾರೆ. ಇನ್ನು ಕೆಲವು ಕಡೆ ಸೈಕಲ್‌ನವರೇ ಅಂಗಡಿ ಬಾಗಿಲಿಗೆ ಅಡ್ಡ ನಿಲ್ಲಿಸಿ, ಕೇಳಿದ ಅಂಗಡಿಯವರ ಮೇಲೇ ಕೂಗಾಡ್ತಾರೆ.

ನಾನು ಪಿಯುಸಿ ಓದುವಾಗ ಒಂದು ಕಾಂಪ್ಲೆಕ್ಸ್‌ನಲ್ಲಿ ನನ್ನ ಸೈಕಲ್‌ನ ಎರಡೂ ಚಕ್ರದ ಗಾಳಿ ಬಿಟ್ಟಿದ್ರು. ಊರಿಗೆ ಏಳು ಕಿಲೋಮೀಟರ್. ಪಂಪ್ ಇರೋ ಅಂಗಡಿ ಬಾಗಿಲು ಹಾಕಿತ್ತು. ತಳ್ಕೊಂಡೇ ಹೋದೆ. ತಪ್ಪು ನಂದೂ ಇತ್ತು, ಮೆಟ್ಟಿಲಿಗೆ ಅಡ್ಡ ನಿಲ್ಲಿಸಿದ್ದೆ. ಆದ್ರೆ ಹಾಗೆ ಗಾಳಿ ಬಿಡೋಕೆ ಅವರಿಗೆ ಅಧಿಕಾರ ಇತ್ತಾ ಅಂತ ಆವತ್ತು ಕೇಳೋಕೆ ನನಗೆ ಗೊತ್ತಿರಲಿಲ್ಲ. ಅದನ್ನೇ ಈಗ ಕಾನೂನು ನೋಡಿ ಬರೆದಿದೀನಿ. ಸೈಕಲ್‌ನವರೂ ಓದಿ, ಅಂಗಡಿಯವರೂ ಓದಿ.

ಚಿಕ್ಕದಾಗಿ ಹೇಳೋದಾದ್ರೆ

ಜಾಗದ ಮಾಲೀಕರು ತಮ್ಮ ಕಟ್ಟಡದೊಳಗೆ ಸೈಕಲ್ ಬೇಡ ಅನ್ನಬಹುದು. ಅದು ಅವರ ಹಕ್ಕು. ಆದ್ರೆ ಸೈಕಲ್ ಕಿತ್ತಿಟ್ಟುಕೊಳ್ಳೋದು, ಗಾಳಿ ಬಿಡೋದು, ದಂಡ ಅಂತ ದುಡ್ಡು ವಸೂಲಿ ಮಾಡೋದು ಯಾವ ಖಾಸಗಿಯವರ ಹಕ್ಕೂ ಅಲ್ಲ. ಸರ್ಕಾರಿ ಜಾಗ ಆಗಿದ್ರೆ ಬೋರ್ಡ್ ಹಿಂದೆ ಆದೇಶ ಇರಬೇಕು. ರಸ್ತೆ, ಫುಟ್‌ಪಾತ್ ಆಗಿದ್ರೆ ಅಂಗಡಿಯವರ ಬೋರ್ಡ್‌ಗೆ ಬೆಲೆಯೇ ಇಲ್ಲ.

ಮೊದಲು ನೋಡಬೇಕಾದ್ದು: ಜಾಗ ಯಾರದ್ದು?

ಎಲ್ಲಾ ಜಗಳಕ್ಕೂ ಉತ್ತರ ಇದರಲ್ಲೇ ಇದೆ. ಪೇಟೆಯಲ್ಲಿ ನೋಡೋಕೆ ಎಲ್ಲಾ ಕಾಂಪ್ಲೆಕ್ಸ್ ಒಂದೇ ಥರ ಕಂಡರೂ, ಕಾನೂನಿನ ಕಣ್ಣಲ್ಲಿ ಬೇರೆ ಬೇರೆ.

ಖಾಸಗಿ ಕಾಂಪ್ಲೆಕ್ಸ್: ಒಬ್ಬ ಮಾಲೀಕರು ಕಟ್ಟಿಸಿ ಅಂಗಡಿಗಳನ್ನ ಬಾಡಿಗೆಗೆ ಕೊಟ್ಟಿರೋದು. ಕಾರಿಡಾರ್, ಮೆಟ್ಟಿಲು, ನೆಲಮಾಳಿಗೆ ಎಲ್ಲಾ ಅವರ ಸ್ವತ್ತು. ಗಿರಾಕಿಗಳು ಒಳಗೆ ಬರೋದು ಅವರ ಒಪ್ಪಿಗೆ ಮೇಲೆ. ಹಂಗಾಗಿ 'ಜನ ಬನ್ನಿ, ಸೈಕಲ್ ಬೇಡ' ಅಂತ ಷರತ್ತು ಹಾಕಬಹುದು. ಪ್ರತ್ಯೇಕ ಸರ್ಕಾರಿ ಆದೇಶ ಏನೂ ಬೇಕಾಗಲ್ಲ. ಒಳಗಿರೋ ಬಾಡಿಗೆದಾರರು ಮಾತ್ರ ತಮ್ಮ ಅಂಗಡಿಯ ಬಾಗಿಲಿನ ಒಳಗಷ್ಟೇ ಹೇಳಬಹುದು. ಕಾರಿಡಾರ್ ವಿಚಾರ ಮಾಲೀಕರದ್ದು, ಇಲ್ಲ ಬಾಡಿಗೆ ಕರಾರಿನಲ್ಲಿ ಏನು ಬರೆದಿದೆಯೋ ಅದು.

ಪುರಸಭೆ, ಪಟ್ಟಣ ಪಂಚಾಯಿತಿ ಮಳಿಗೆಗಳು: ಇವು ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ ಅಡಿ ಬರೋ ಸಾರ್ವಜನಿಕ ಸ್ವತ್ತು. ಹರಾಜಿನಲ್ಲಿ ಮಳಿಗೆ ಹಿಡಿದವರು ಬಾಡಿಗೆದಾರರು ಅಷ್ಟೇ, ಮಾಲೀಕರಲ್ಲ. ಮಳಿಗೆ ಮುಂದಿನ ಮೊಗಸಾಲೆ, ಅಂಗಳ ಅವರಿಗೆ ಸೇರಿದ್ದಲ್ಲ. ಅಲ್ಲಿ ಸೈಕಲ್ ನಿಷೇಧ ಮಾಡಬೇಕು ಅಂದ್ರೆ ಪುರಸಭೆಯೇ ಮಾಡಬೇಕು. ವರ್ತಕರ ಸಂಘದವರು ಮನವಿ ಕೊಡಬಹುದೇ ಹೊರತು ತಾವೇ ನಿಯಮ ಮಾಡೋಕೆ ಬರಲ್ಲ. ಕೇಳಬೇಕಾದವರು ಪುರಸಭೆ, ಪಟ್ಟಣ ಪಂಚಾಯಿತಿಯಾದ್ರೆ ಮುಖ್ಯಾಧಿಕಾರಿ, ನಗರಸಭೆಯಾದ್ರೆ ಪೌರಾಯುಕ್ತರು. ಗ್ರಾಮ ಪಂಚಾಯಿತಿ ಮಳಿಗೆಯಾದ್ರೆ ಪಿಡಿಒ.

ದಂಡ ಹಾಕೋ ಮಟ್ಟದ ನಿಯಮ ಬೇಕು ಅಂದ್ರೆ ಉಪವಿಧಿ, ಅಂದ್ರೆ ಬೈಲಾ ಮಾಡಬೇಕು. ಕೌನ್ಸಿಲ್ ಸಭೆಯಲ್ಲಿ ಒಪ್ಪಿಗೆ ಆಗಬೇಕು, ಕರಡು ಪ್ರಕಟಿಸಿ ಜನರ ಆಕ್ಷೇಪಣೆ ಕೇಳಬೇಕು, ಸರ್ಕಾರದ ಅನುಮೋದನೆ ಆಗಬೇಕು. ಪೇಂಟರ್ ಕರೆಸಿ ಗೋಡೆ ಮೇಲೆ ಬರೆಸಿದ ತಕ್ಷಣ ಅದು ಬೈಲಾ ಆಗಲ್ಲ.

ಬಸ್ ನಿಲ್ದಾಣದ ಮಳಿಗೆಗಳು: ಇವು ಸಾರಿಗೆ ನಿಗಮದ ಜಾಗ. ಒಳಗಿನ ವಾಹನ ನಿಲುಗಡೆ, ಸೈಕಲ್ ಸ್ಟ್ಯಾಂಡ್ ಎಲ್ಲಾ ನಿಗಮ ಅಥವಾ ಅದು ಟೆಂಡರ್ ಕೊಟ್ಟ ಗುತ್ತಿಗೆದಾರರ ಕೈಲಿ. ಬಸ್ ಓಡಾಡೋ ಅಂಕಣದಲ್ಲಿ ಸೈಕಲ್ ತರಬೇಡಿ ಅಂದ್ರೆ ಅದರಲ್ಲಿ ವಾದ ಮಾಡೋದು ಏನೂ ಇಲ್ಲ. ರಿವರ್ಸ್ ಬರೋ ಬಸ್ಸಿನ ಡ್ರೈವರ್‌ಗೆ ಹಿಂದೆ ಇರೋ ಸೈಕಲ್ ಕಾಣಲ್ಲ.

ಎಪಿಎಂಸಿ ಯಾರ್ಡ್: ಇದು ಮಾರುಕಟ್ಟೆ ಸಮಿತಿಯ ಅಧೀನ. ಲಾರಿ, ಟ್ರ್ಯಾಕ್ಟರ್, ಎತ್ತಿನಗಾಡಿ, ಹಮಾಲರ ಸೈಕಲ್ ಎಲ್ಲಾ ಒಳಗೆ ಬರೋ ಜಾಗವೇ ಅದು. ಟೆಂಡರ್ ನಡೆಯೋ ಹೊತ್ತಲ್ಲಿ, ಕಾಳು ಹರವಿರೋ ಕಟ್ಟೆ ಮೇಲೆ ಸೈಕಲ್ ಬೇಡ ಅಂತ ಸಮಿತಿ ಹೇಳಿದ್ರೆ ಪಾಲಿಸಬೇಕು.

ರಸ್ತೆ ಮತ್ತು ಫುಟ್‌ಪಾತ್: ಇಲ್ಲಿ ಅಂಗಡಿಯವರಿಗೆ ಯಾವ ಅಧಿಕಾರವೂ ಇಲ್ಲ. ಅಂಗಡಿ ಮುಂದಿನ ರಸ್ತೆ ಅಂಗಡಿಯದ್ದಲ್ಲ. ಅಲ್ಲಿ 'ಸೈಕಲ್ ನಿಲ್ಲಿಸಬಾರದು' ಅಂತ ಸ್ಟ್ಯಾಂಡ್ ಬೋರ್ಡ್ ಇಟ್ಟು, ಹಗ್ಗ ಕಟ್ಟಿ, ಕಲ್ಲಿಟ್ಟು ಜಾಗ ಹಿಡಿದ್ರೆ ಅದೇ ಒತ್ತುವರಿ ಆಗುತ್ತೆ. ರಸ್ತೆಯಲ್ಲಿ ವಾಹನ ಸಂಚಾರ ನಿಯಂತ್ರಿಸೋ ಆದೇಶ ಕೊಡೋ ಅಧಿಕಾರ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗೆ, ಕಮಿಷನರೇಟ್ ಇರೋ ನಗರದಲ್ಲಿ ಪೊಲೀಸ್ ಕಮಿಷನರ್‌ಗೆ ಇದೆ. ಕರ್ನಾಟಕ ಪೊಲೀಸ್ ಕಾಯ್ದೆ, 1963ರಲ್ಲಿ ಇದು ಬರುತ್ತೆ. ಜಾತ್ರೆ, ತೇರಿನ ದಿನ ರಥಬೀದಿಗೆ ವಾಹನ ಬಿಡದೇ ಇರೋದು ಇಂಥ ಆದೇಶದ ಮೇಲೆ.

ರಸ್ತೆಯಲ್ಲೇ ಸೈಕಲ್ ನಿಷೇಧ ಆಗಿದ್ದೂ ಉಂಟು. ಕೋಲ್ಕತ್ತಾದಲ್ಲಿ 2013ರಲ್ಲಿ ಪೊಲೀಸರು 174 ರಸ್ತೆಗಳಲ್ಲಿ ಸೈಕಲ್ ಓಡಿಸಬಾರದು ಅಂದ್ರು. ಹಾಲು, ಪೇಪರ್, ಮೀನು ಮಾರೋರಿಂದ ಹಿಡಿದು ಎಲ್ಲರೂ ಬೀದಿಗಿಳಿದ ಮೇಲೆ ರಸ್ತೆಗಳ ಸಂಖ್ಯೆ ಇಳಿಸಿದ್ರು. ಅಷ್ಟು ದೊಡ್ಡ ಊರಲ್ಲೂ ಪೊಲೀಸ್ ಆದೇಶ ಅಂತ ಒಂದು ಕಾಗದ ಬೇಕಾಯ್ತು ಅನ್ನೋದು ನೆನಪಿರಲಿ.

ಅಂಗಡಿಯವರು ಬೇಡ ಅನ್ನೋದು ಸುಮ್ಮನೆ ಅಲ್ಲ

ಸೈಕಲ್‌ನವರು ಇದನ್ನ ತಿಳ್ಕೋಬೇಕು. ಒಂದು ಸೈಕಲ್ ಉದ್ದ ಸುಮಾರು ಆರು ಅಡಿ, ಹ್ಯಾಂಡಲ್ ಅಗಲ ಸುಮಾರು ಎರಡು ಅಡಿ. ಕಾಂಪ್ಲೆಕ್ಸ್ ಕಾರಿಡಾರ್ ಆರು ಅಡಿ ಇದೆ ಅಂದ್ಕೊಳ್ಳಿ. ಒಂದು ಬದಿಗೆ ಒಂದು ಸೈಕಲ್ ಒರಗಿಸಿದ್ರೆ ಉಳಿಯೋದು ನಾಲ್ಕಡಿ. ಎರಡೂ ಬದಿಗೆ ನಿಲ್ಲಿಸಿದ್ರೆ ಎರಡೇ ಅಡಿ. ಮಗು ಎತ್ತಿಕೊಂಡ ಹೆಂಗಸು ಎದುರಿಗೆ ಬರೋರಿಗೆ ದಾರಿ ಬಿಡೋಕಾಗಲ್ಲ. ಸೀರೆ ಸೆರಗು ಪೆಡಲ್‌ಗೆ ಸಿಕ್ಕಿಕೊಳ್ಳುತ್ತೆ. ಗಾಜಿನ ಶೋಕೇಸ್‌ಗೆ ಸೈಕಲ್ ಬಿದ್ದರೆ ನಷ್ಟ ಅಂಗಡಿಯವರದ್ದು.

ಎಲ್ಲಕ್ಕಿಂತ ದೊಡ್ಡದು ಬೆಂಕಿ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಜನ ಹೊರಗೆ ಹೋಗೋ ದಾರಿ, ಮೆಟ್ಟಿಲು, ತುರ್ತು ಬಾಗಿಲು ಯಾವಾಗಲೂ ಖಾಲಿ ಇರಬೇಕು. ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ ಇರೋ ಕಾಂಪ್ಲೆಕ್ಸ್‌ನಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಕರೆಂಟ್ ಹೋಗಿ ಹೊಗೆ ತುಂಬಿದ್ರೆ, ಮೆಟ್ಟಿಲ ಕೆಳಗೆ ನಿಲ್ಲಿಸಿದ ನಾಲ್ಕು ಸೈಕಲ್ ಸಾಕು ಜನ ಒಬ್ಬರ ಮೇಲೊಬ್ಬರು ಬೀಳೋಕೆ. ಹಂಗಾಗಿ ಮೆಟ್ಟಿಲು, ಕಾರಿಡಾರ್‌ನಲ್ಲಿ ಸೈಕಲ್ ಬೇಡ ಅನ್ನೋದನ್ನ ಎಲ್ಲರೂ ಒಪ್ಪಲೇಬೇಕು. ಇದೇ ನಿಯಮ ಬೈಕ್‌ಗೂ ಅನ್ವಯ, ಅಂಗಡಿಯವರೇ ಹೊರಗೆ ಜೋಡಿಸಿಡೋ ರಟ್ಟಿನ ಡಬ್ಬಕ್ಕೂ ಅನ್ವಯ.

ಸೈಕಲ್‌ನವರು ಒಳಗೆ ತರೋದೂ ಸುಮ್ಮನೆ ಅಲ್ಲ

ಹಳೇ ಕಾಲದವರನ್ನ ಕೇಳಿ. ಒಂದು ಕಾಲದಲ್ಲಿ ಸೈಕಲ್‌ಗೂ ತೆರಿಗೆ ಕಟ್ಟಿಸಿಕೊಂಡು ಬಿಲ್ಲೆ ಕೊಡ್ತಿದ್ರು. ಬಿಲ್ಲೆ ಇಲ್ಲದಿದ್ರೆ, ರಾತ್ರಿ ದೀಪ ಇಲ್ಲದಿದ್ರೆ, ಡಬಲ್ ರೈಡ್ ಹೋದ್ರೆ ಹಿಡೀತಿದ್ರು. ಈಗ ಸೈಕಲ್‌ಗೆ ರಿಜಿಸ್ಟ್ರೇಷನ್ ಇಲ್ಲ, ನಂಬರ್ ಪ್ಲೇಟ್ ಇಲ್ಲ, ಇನ್ಶೂರೆನ್ಸ್ ಇಲ್ಲ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಅದು ಮೋಟಾರು ವಾಹನವೇ ಅಲ್ಲ. ಕಳುವಾದ್ರೆ ಇದು ನಂದೇ ಅಂತ ತೋರಿಸೋದೇ ಕಷ್ಟ.

ಇನ್ನೊಂದು ಬದಲಾವಣೆ ತುಂಬಾ ಜನಕ್ಕೆ ಗೊತ್ತಿಲ್ಲ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಮ್ಮಿ ಬೆಲೆಯ ವಸ್ತು ಕದ್ದರೆ ಅದು ಅಸಂಜ್ಞೇಯ ಅಪರಾಧ. ಸ್ಟೇಷನ್‌ನಲ್ಲಿ ಇದನ್ನ ಎನ್‌ಸಿ ಅಂತಾರೆ. ಅಂದ್ರೆ ನೇರ ಎಫ್‌ಐಆರ್ ಆಗಲ್ಲ, ತನಿಖೆ ಮಾಡೋಕೆ ಪೊಲೀಸರು ಮ್ಯಾಜಿಸ್ಟ್ರೇಟ್ ಅನುಮತಿ ತಗೋಬೇಕು. ಮೊದಲ ಸಲ ಸಿಕ್ಕಿಬಿದ್ದವನು ವಸ್ತು ವಾಪಸ್ ಕೊಟ್ಟರೆ ಸಮುದಾಯ ಸೇವೆಯೇ ಶಿಕ್ಷೆ. ನಾಲ್ಕೈದು ವರ್ಷ ಓಡಿಸಿದ ಸೈಕಲ್‌ಗೆ 5,000 ಬೆಲೆ ಎಲ್ಲಿ ಬರುತ್ತೆ? ಅಂದ್ರೆ ನಮ್ಮ ಊರಿನ ಬಹುಪಾಲು ಸೈಕಲ್‌ಗಳು ಈ ಲೆಕ್ಕಕ್ಕೇ ಬರ್ತವೆ. ಕಳುವಾದ್ರೆ ಹೋಯ್ತು ಅಂತಲೇ ಜನ ಕಣ್ಣೆದುರಿಗೆ ಇಟ್ಕೊಳ್ಳೋಕೆ ನೋಡ್ತಾರೆ.

ಸೈಕಲ್ ಇರೋದು ಯಾರ ಹತ್ರ ಅನ್ನೋದನ್ನೂ ನೋಡಿ. ಬೆಳಗ್ಗೆ ಪೇಪರ್ ಹಾಕೋ ಹುಡುಗರು, ಹಾಲಿನವರು, ಹಮಾಲರು, ಗಾರೆ ಕೆಲಸದವರು, ಹಳ್ಳಿಯಿಂದ ಹೈಸ್ಕೂಲ್‌ಗೆ ಬರೋ ಮಕ್ಕಳು. 2006-07ರಲ್ಲಿ ಸರ್ಕಾರ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದಾಗ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲ್ ಮುಖ ನೋಡಿದ್ದೇ ಅದರಿಂದ. ಕೋವಿಡ್ ಬಂದ ವರ್ಷದಿಂದ ಆ ಹಂಚಿಕೆ ನಿಂತೋಯ್ತು. ಈಗ ಮನೆಯವರೇ ದುಡ್ಡು ಹಾಕಿ ಕೊಡಿಸಿದ ಸೈಕಲ್. ಒಂದು ಹೋದ್ರೆ ಇನ್ನೊಂದು ಬರೋದು ಸುಲಭ ಅಲ್ಲ.

ಬೋರ್ಡ್ ಹಾಕಿದವರು ಏನು ಮಾಡಬಹುದು, ಏನು ಮಾಡೋ ಹಾಗಿಲ್ಲ

ಮಾಡಬಹುದಾದ್ದು: ಸೈಕಲ್ ಹೊರಗೆ ತಗೊಂಡು ಹೋಗಿ ಅಂತ ಹೇಳಬಹುದು. ಗೇಟ್‌ನಲ್ಲೇ ತಡೀಬಹುದು. ದಾರಿಗೆ ಅಡ್ಡ ಇದ್ರೆ ಹಾನಿ ಆಗದ ಹಾಗೆ ಎತ್ತಿ ಪಕ್ಕಕ್ಕೆ ಇಡಬಹುದು. ಪದೇ ಪದೇ ಹೀಗೇ ಮಾಡಿದ್ರೆ, ಜಗಳಕ್ಕೆ ಬಂದ್ರೆ ಪೊಲೀಸರನ್ನ ಕರೀಬಹುದು.

ಗಾಳಿ ಬಿಡೋ ಹಾಗಿಲ್ಲ: ಟ್ಯೂಬ್ ಚುಚ್ಚೋದು, ಚೈನ್ ಕಿತ್ತು ಹಾಕೋದು, ಬೀಗ ಒಡೆಯೋದು ಬೇರೆಯವರ ಸ್ವತ್ತಿಗೆ ಬೇಕಂತಲೇ ಹಾನಿ ಮಾಡಿದ ಹಾಗೆ. ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ ಅಡಿ ಇಂಥ ಹಾನಿಗೆ ಆರು ತಿಂಗಳವರೆಗೆ ಜೈಲು ಶಿಕ್ಷೆಗೆ ಅವಕಾಶ ಇದೆ. ವಾಚ್‌ಮನ್ 'ಮಾಲೀಕರು ಹೇಳಿದ್ರು' ಅಂದ ಮಾತ್ರಕ್ಕೆ ಬಚಾವ್ ಆಗಲ್ಲ, ಹೇಳಿದ ಮಾಲೀಕರೂ ಬಚಾವ್ ಆಗಲ್ಲ.

ಹಿಡಿದಿಟ್ಟುಕೊಳ್ಳೋ ಹಾಗಿಲ್ಲ: ಸೈಕಲ್ ಗೋಡೌನ್‌ಗೆ ಹಾಕಿ ಬೀಗ ಹಾಕೋದು, ಸೈಕಲ್‌ಗೆ ತಮ್ಮದೇ ಚೈನ್ ಸುತ್ತೋದು ಖಾಸಗಿಯವರಿಗೆ ಬಿಟ್ಟ ಅಧಿಕಾರ ಅಲ್ಲ. ಜಪ್ತಿ ಅನ್ನೋದು ಕಾನೂನು ಅಧಿಕಾರ ಕೊಟ್ಟವರ ಕೆಲಸ. ಎತ್ತಿಟ್ಟರೆ ಆ ಸೈಕಲ್‌ನ ಜವಾಬ್ದಾರಿಯೂ ಅವರ ಮೇಲೆ ಬೀಳುತ್ತೆ.

ದಂಡ ಹಾಕೋ ಹಾಗಿಲ್ಲ: 'ಸೈಕಲ್ ತಂದರೆ 100 ರೂ. ದಂಡ' ಅಂತ ಖಾಸಗಿ ಕಾಂಪ್ಲೆಕ್ಸ್‌ನಲ್ಲಿ ಬರೆದಿದ್ರೆ ಅದಕ್ಕೆ ಕಾನೂನಿನ ಬಲ ಇಲ್ಲ. ದಂಡ ಹಾಕೋದು ಕೋರ್ಟು ಅಥವಾ ಕಾಯ್ದೆಯಲ್ಲಿ ಅಧಿಕಾರ ಪಡೆದ ಅಧಿಕಾರಿ, ಅದೂ ರಸೀದಿ ಕೊಟ್ಟು. ಸ್ಟ್ಯಾಂಡ್ ಮಾಡಿ ನಿಲುಗಡೆ ಶುಲ್ಕ ತಗೊಳ್ಳೋದು ಬೇರೆ ವಿಷಯ.

ಆಳು ನೋಡಿ ನಿಯಮ ಮಾಡೋ ಹಾಗಿಲ್ಲ: ಸೈಕಲ್ ಬೇಡ ಅಂದ್ರೆ ಎಲ್ಲರ ಸೈಕಲ್ಲೂ ಬೇಡ. ಗೊತ್ತಿರೋರ ಮಗನ ಗೇರ್ ಸೈಕಲ್ ಒಳಗೆ, ಕೂಲಿಯವರ ಸೈಕಲ್ ಹೊರಗೆ ಅಂದ್ರೆ ಅದು ನಿಯಮ ಅಲ್ಲ, ತಾರತಮ್ಯ. ಇನ್ನು ಸೈಕಲ್ ನೆಪದಲ್ಲಿ ಮನುಷ್ಯರನ್ನೇ ತಡೆದ್ರೆ ವಿಷಯ ದೊಡ್ಡದಾಗುತ್ತೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗದ ಕಾರಣಕ್ಕೆ ಯಾರನ್ನೂ ಅಂಗಡಿಗೆ ಬರದಂತೆ ತಡೆಯೋ ಹಾಗಿಲ್ಲ ಅಂತ ಸಂವಿಧಾನದ 15ನೇ ವಿಧಿ ಹೇಳುತ್ತೆ.

ಸೈಕಲ್‌ನವರಿಗೂ ಮಿತಿ ಇದೆ. ರಸ್ತೆಗೆ ಅಡ್ಡ ನಿಲ್ಲಿಸಿ ಓಡಾಡೋರಿಗೆ ತೊಂದರೆ ಮಾಡಿದ್ರೆ ನ್ಯಾಯ ಸಂಹಿತೆಯ 285ನೇ ಕಲಂ ಇದೆ. ಹಳೇ ಐಪಿಸಿಯಲ್ಲಿ ಇದಕ್ಕೆ ದಂಡ 200 ರೂಪಾಯಿವರೆಗೆ ಇತ್ತು, ಈಗ 5,000 ರೂಪಾಯಿವರೆಗೆ ಹಾಕಬಹುದು. ಈ ಕಲಂ ಸೈಕಲ್‌ಗೂ ಆಗುತ್ತೆ, ಫುಟ್‌ಪಾತ್‌ಗೆ ಸಾಮಾನು ಹರವೋ ಅಂಗಡಿಗೂ ಆಗುತ್ತೆ.

'ವಾಹನಗಳಿಗೆ ಮಾಲೀಕರೇ ಜವಾಬ್ದಾರರು' ಅಂತ ಬರೆದ್ರೆ ಮುಗೀತಾ?

ಇದು ಎಲ್ಲಾ ಸ್ಟ್ಯಾಂಡ್‌ನಲ್ಲೂ ಕಾಣೋ ಸಾಲು. ಉತ್ತರ, ನಿಮ್ಮ ಸೈಕಲ್‌ನ ಅವರು ತಮ್ಮ ವಶಕ್ಕೆ ತಗೊಂಡಿದ್ರಾ ಇಲ್ವಾ ಅನ್ನೋದರ ಮೇಲಿದೆ.

ಖಾಲಿ ಜಾಗ ಬಿಟ್ಟು 'ಇಲ್ಲಿ ನಿಲ್ಲಿಸಿಕೊಳ್ಳಿ' ಅಂದ್ರೆ, ಟೋಕನ್ ಇಲ್ಲ, ಶುಲ್ಕ ಇಲ್ಲ, ಕಾಯೋರು ಇಲ್ಲ ಅಂದ್ರೆ, ಜವಾಬ್ದಾರಿ ಬಹುಪಾಲು ನಿಮ್ಮದೇ. ಆದ್ರೆ ಟೋಕನ್ ಕೊಟ್ಟು, ದುಡ್ಡು ತಗೊಂಡು, ಟೋಕನ್ ತೋರಿಸಿದ್ರೆ ಮಾತ್ರ ಸೈಕಲ್ ಬಿಡ್ತೀವಿ ಅಂತ ನಿಯಮ ಮಾಡಿದ್ರೆ, ಸೈಕಲ್ ಅವರ ವಶದಲ್ಲಿದೆ ಅಂತಲೇ ಅರ್ಥ. ಭಾರತೀಯ ಕರಾರು ಕಾಯ್ದೆ, 1872ರ ಪ್ರಕಾರ ಬೇರೆಯವರ ವಸ್ತು ಇಟ್ಟುಕೊಂಡವರು ಅದನ್ನ ತಮ್ಮದೇ ವಸ್ತು ಅನ್ನೋ ಹಾಗೆ ಜೋಪಾನ ಮಾಡಬೇಕು.

ಈ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪೇ ಇದೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲ್‌ಗೆ ಬಂದವರೊಬ್ಬರು ಕಾರಿನ ಕೀ ಹೋಟೆಲ್ ಸಿಬ್ಬಂದಿಗೆ ಕೊಟ್ಟು ಒಳಗೆ ಹೋಗಿದ್ರು. ಕಾರು ಕಳುವಾಯ್ತು. ಟೋಕನ್ ಮೇಲೆ 'ಮಾಲೀಕರದ್ದೇ ಜವಾಬ್ದಾರಿ' ಅಂತ ಅಚ್ಚಾಗಿತ್ತು. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ವಾಹನ ವಶಕ್ಕೆ ತಗೊಂಡ ಮೇಲೆ ತಾವು ಸರಿಯಾಗಿ ನೋಡಿಕೊಂಡಿದ್ದೆವು ಅಂತ ತೋರಿಸಬೇಕಾದ್ದು ಹೋಟೆಲ್‌ನವರು, ಬರೀ ಆ ಸಾಲು ಅಚ್ಚು ಹಾಕಿ ನಿರ್ಲಕ್ಷ್ಯದಿಂದ ನುಣುಚಿಕೊಳ್ಳೋಕಾಗಲ್ಲ ಅಂತು. ಅದು ಐಷಾರಾಮಿ ಹೋಟೆಲ್, ಇದು ಸೈಕಲ್ ಸ್ಟ್ಯಾಂಡ್. ಆದ್ರೆ ವಶಕ್ಕೆ ತಗೊಂಡವರು ಜೋಪಾನ ಮಾಡಬೇಕು ಅನ್ನೋ ತತ್ವ ಒಂದೇ.

ಹಂಗಾಗಿ ದುಡ್ಡು ಕೊಟ್ಟ ಸ್ಟ್ಯಾಂಡ್‌ನಲ್ಲಿ ಟೋಕನ್ ಬಿಸಾಡಬೇಡಿ. ಸೈಕಲ್ ಕಳುವಾದ್ರೆ ಅದೇ ಸಾಕ್ಷಿ. ಸೇವಾ ನ್ಯೂನತೆ ಅಂತ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕ ಇಲ್ಲ. ಗ್ರಾಹಕ ಸಹಾಯವಾಣಿ 1915.

ಈ ಬೋರ್ಡ್ ಯಾರಿಗೆ ಅನ್ವಯ ಆಗಲ್ಲ?

ಅಂಗವಿಕಲರ ಗಾಲಿಕುರ್ಚಿ ಸೈಕಲ್ ಅಲ್ಲ. ಅದು ಅವರ ಕಾಲು ಇದ್ದ ಹಾಗೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರಲ್ಲಿ 'ಸಾರ್ವಜನಿಕ ಕಟ್ಟಡ' ಅಂದ್ರೆ ಸರ್ಕಾರಿ ಕಟ್ಟಡ ಮಾತ್ರ ಅಲ್ಲ, ಜನ ವ್ಯಾಪಾರಕ್ಕೆ ಬರೋ ಖಾಸಗಿ ಕಟ್ಟಡವೂ ಸೇರುತ್ತೆ. ಸೈಕಲ್ ಬರದ ಹಾಗೆ ಅಂತ ಗೇಟ್‌ಗೆ ಅಡ್ಡ ಕಂಬಿ, ಸಂದಿ ಗೇಟ್ ಹಾಕೋ ಮಾಲೀಕರು ಗಾಲಿಕುರ್ಚಿ ಹೋಗೋಷ್ಟು ದಾರಿ ಬಿಡಲೇಬೇಕು. ಕೈಯಲ್ಲಿ ತುಳಿಯೋ ಮೂರು ಚಕ್ರದ ಗಾಡಿಯಲ್ಲಿ ಬಂದವರನ್ನ 'ಇದೂ ಸೈಕಲ್ಲೇ' ಅಂತ ಗೇಟ್‌ನಲ್ಲಿ ಇಳಿಸೋದು ಸರಿಯಲ್ಲ. ಕಾರಿಡಾರ್ ಸಾಲಲ್ಲ ಅಂದ್ರೆ ಅಂಗಡಿಯವರೇ ಹೊರಗೆ ಬಂದು ಸಾಮಾನು ಕೊಡಬೇಕು.

ಬ್ಯಾಟರಿ ಸೈಕಲ್: ಮೋಟಾರ್ ಶಕ್ತಿ 250 ವ್ಯಾಟ್‌ಗಿಂತ ಕಮ್ಮಿ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ರೆ, ನಿಯಮದಲ್ಲಿ ಹೇಳಿದ ಉಳಿದ ಷರತ್ತೂ ಪಾಲಿಸಿದ್ರೆ, ಅದು ಮೋಟಾರು ವಾಹನ ಆಗಲ್ಲ. ಲೈಸೆನ್ಸ್, ನಂಬರ್ ಬೇಡ. ಆದ್ರೆ ಕಾಂಪ್ಲೆಕ್ಸ್ ಬೋರ್ಡ್ ವಿಷಯದಲ್ಲಿ ಅದಕ್ಕೆ ವಿನಾಯಿತಿ ಇಲ್ಲ. ಮೆಟ್ಟಿಲ ಕೆಳಗೆ ನಿಲ್ಲಿಸಿ ಚಾರ್ಜ್ ಹಾಕೋದಂತೂ ಮಾಡಲೇಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದ್ರೆ ಆರಿಸೋದು ಬಹಳ ಕಷ್ಟ.

ಸೈಕಲ್ ಮೇಲೆ ವ್ಯಾಪಾರ ಮಾಡೋರು: ಸೊಪ್ಪು, ಹೂವು, ಟೀ, ಐಸ್‌ಕ್ರೀಂ ಮಾರೋರು ಬೀದಿ ಬದಿ ವ್ಯಾಪಾರಿಗಳ ಕಾಯ್ದೆ, 2014ರ ಅಡಿ ಬರ್ತಾರೆ. ಓಡಾಡಿಕೊಂಡು ಮಾರೋರೂ ಅದರಲ್ಲಿ ಸೇರಿದ್ದಾರೆ. ಖಾಸಗಿ ಕಾಂಪ್ಲೆಕ್ಸ್ ಒಳಗೆ ಬಂದು ಮಾರೋ ಹಕ್ಕು ಈ ಕಾಯ್ದೆ ಕೊಡಲ್ಲ. ಆದ್ರೆ ರಸ್ತೆಯಲ್ಲಿ ಎಲ್ಲಿ ಮಾರಬಹುದು, ಎಲ್ಲಿ ಮಾರಬಾರದು ಅನ್ನೋದನ್ನ ಪಟ್ಟಣ ವ್ಯಾಪಾರ ಸಮಿತಿ ಜೊತೆ ಸೇರಿ ಸ್ಥಳೀಯ ಸಂಸ್ಥೆ ಗುರುತಿಸಬೇಕು. ಸಾಮಾನು ಜಪ್ತಿ ಮಾಡಿದ್ರೆ ಪಟ್ಟಿ ಬರೆದು ಕೊಡಬೇಕು. ಹಣ್ಣು, ತರಕಾರಿ ಥರ ಕೆಡೋ ವಸ್ತುವನ್ನ ಕೇಳಿದ ದಿನವೇ, ಉಳಿದಿದ್ದನ್ನ ಎರಡು ಕೆಲಸದ ದಿನದೊಳಗೆ ವಾಪಸ್ ಕೊಡಬೇಕು.

ಅಂಗಡಿಯವರಿಗೆ: ಬೋರ್ಡ್ ಜೊತೆಗೆ ಸ್ಟ್ಯಾಂಡ್ ಹಾಕಿ

ಬೋರ್ಡ್ ಇದ್ದೂ ಜನ ಯಾಕೆ ಕೇಳಲ್ಲ ಅಂದ್ರೆ, 'ಆಚೆ' ಅನ್ನೋ ಜಾಗ ಇರಲ್ಲ. ಆಚೆ ಅಂದ್ರೆ ರಸ್ತೆ, ಅಲ್ಲಿ ಪೊಲೀಸರು ಬೈತಾರೆ. ಪಕ್ಕದ ಅಂಗಡಿ ಮುಂದೆ, ಅಲ್ಲಿ ಅವರು ಬೈತಾರೆ.

ಲೆಕ್ಕ ಹಾಕಿ ನೋಡಿ. ಒಂದು ಕಾರು ನಿಲ್ಲೋಕೆ ಸುಮಾರು 16 ಅಡಿ ಉದ್ದ, 8 ಅಡಿ ಅಗಲ ಬೇಕು. ಅದೇ ಜಾಗದಲ್ಲಿ ಎರಡೆರಡು ಅಡಿಗೆ ಒಂದರಂತೆ ಎಂಟು ಸೈಕಲ್ ಸಾಲಾಗಿ ನಿಲ್ತವೆ, ಮುಂದೆ ಎರಡಡಿ ಓಡಾಡೋಕೂ ಉಳಿಯುತ್ತೆ. ಒಂದು ಕಾರಿನಿಂದ ಬರೋದು ಒಂದು ಮನೆ ಗಿರಾಕಿ, ಎಂಟು ಸೈಕಲ್‌ನಿಂದ ಎಂಟು ಮನೆ ಗಿರಾಕಿ. ನೆಲಕ್ಕೆ ಕಾಂಕ್ರೀಟ್ ಹಾಕಿ ಕಬ್ಬಿಣದ ಪೈಪ್ ಬಗ್ಗಿಸಿ ಹೂತರೆ ಸಾಕು, ಸೈಕಲ್‌ನ ಫ್ರೇಮ್ ಸಮೇತ ಚೈನ್ ಹಾಕಿ ಬೀಗ ಹಾಕಬಹುದು. ಊರಿನ ವೆಲ್ಡಿಂಗ್ ಶಾಪ್‌ನಲ್ಲೇ ಆಗೋ ಕೆಲಸ. ಅಂಗಡಿ ಸಿಸಿಟಿವಿ ಆ ಕಡೆ ತಿರುಗಿಸಿದ್ರೆ ಇನ್ನೂ ಒಳ್ಳೇದು. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾದಾಗಲೂ ಸೈಕಲ್ ಜೊತೆಗೇ ಅಲ್ಲಲ್ಲಿ ನಿಲ್ದಾಣ ಮಾಡಿದ್ರು.

ಬೋರ್ಡ್‌ನಲ್ಲಿ ಇಷ್ಟು ಇರಲಿ:

1. ಎಲ್ಲಿಂದ ಒಳಗೆ ಸೈಕಲ್ ಬೇಡ ಅನ್ನೋದು. 'ಮೆಟ್ಟಿಲು ಮತ್ತು ಕಾರಿಡಾರ್‌ನಲ್ಲಿ' ಅಂತ ಸ್ಪಷ್ಟವಾಗಿ.
2. ಎಲ್ಲಿ ನಿಲ್ಲಿಸಬೇಕು ಅನ್ನೋದಕ್ಕೆ ಬಾಣದ ಗುರುತು.
3. ಗಾಲಿಕುರ್ಚಿ, ಅಂಗವಿಕಲರ ಗಾಡಿಗೆ ವಿನಾಯಿತಿ ಇದೆ ಅನ್ನೋ ಸಾಲು.
4. ಬೋರ್ಡ್ ಹಾಕಿದವರು ಯಾರು. ಪುರಸಭೆ ಜಾಗ ಆಗಿದ್ರೆ ನಿರ್ಣಯದ ಸಂಖ್ಯೆ, ದಿನಾಂಕ.
5. ಶುಲ್ಕ ಇದ್ರೆ ದರ.

ವಾಚ್‌ಮನ್‌ಗೂ ಮೊದಲೇ ಹೇಳಿಡಿ: ಗಾಳಿ ಬಿಡಬಾರದು, ಸೈಕಲ್ ಎತ್ತಿಡಬಾರದು, ಮಕ್ಕಳ ಮೇಲೆ ಕೈ ಮಾಡಬಾರದು. ನಾಳೆ ಕೇಸ್ ಆದ್ರೆ ನಿಮ್ಮ ಹೆಸರೂ ಬರುತ್ತೆ.

ಸೈಕಲ್‌ನವರಿಗೆ: ಏನು ಮಾಡಬೇಕು

ಇವತ್ತೇ ಮಾಡಬೇಕಾದ್ದು: ಸೈಕಲ್‌ನ ಫ್ರೇಮ್ ನಂಬರ್ ಬರೆದಿಟ್ಟುಕೊಳ್ಳಿ. ಪೆಡಲ್ ತಿರುಗೋ ಜಾಗದ ಕೆಳಗೆ ಅಥವಾ ಸೀಟಿನ ಕೆಳಗಿನ ಪೈಪ್ ಮೇಲೆ ಕೊರೆದಿರುತ್ತೆ. ಸೈಕಲ್ ಜೊತೆ ನಿಂತು ಒಂದು ಫೋಟೋ ತೆಗೆದಿಡಿ. ಬಿಲ್ ಇದ್ರೆ ಅದರ ಫೋಟೋನೂ ಇರಲಿ. ಚೈನ್ ಲಾಕ್‌ನ ಚಕ್ರಕ್ಕೆ ಮಾತ್ರ ಹಾಕದೆ ಫ್ರೇಮ್ ಸೇರಿಸಿ ಕಂಬಕ್ಕೆ ಹಾಕಿ.

ಗೇಟ್‌ನಲ್ಲಿ ತಡೆದ್ರೆ: ಖಾಸಗಿ ಜಾಗ ಆಗಿದ್ರೆ ವಾದ ಬೇಡ, 'ಎಲ್ಲಿ ನಿಲ್ಲಿಸಲಿ ಹೇಳಿ' ಅಂತ ಕೇಳಿ. ಸರ್ಕಾರಿ ಮಳಿಗೆ ಆಗಿದ್ರೆ ಆದೇಶ ಯಾರದ್ದು ಅಂತ ಕೇಳಿ, ಬೋರ್ಡ್‌ನ ಫೋಟೋ ತೆಗೆದುಕೊಳ್ಳಿ.

ಗಾಳಿ ಬಿಟ್ಟಿದ್ರೆ, ಹಿಡಿದಿಟ್ಟಿದ್ರೆ: ಮೊದಲು ಫೋಟೋ, ವಿಡಿಯೋ. ನೋಡಿದ ಒಬ್ಬರ ಹೆಸರು ಕೇಳಿಟ್ಟುಕೊಳ್ಳಿ. ಮಾಲೀಕರನ್ನ ಭೇಟಿ ಮಾಡಿ ಮಾತಾಡಿ. ಬಹಳಷ್ಟು ಇಲ್ಲೇ ಮುಗಿಯುತ್ತೆ. ಬಗೆಹರಿಯದಿದ್ರೆ 112ಕ್ಕೆ ಫೋನ್ ಮಾಡಿ, ಇಲ್ಲಾ ಸ್ಟೇಷನ್‌ಗೆ ಹೋಗಿ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಎನ್‌ಸಿ ಆದ್ರೂ ಸ್ವೀಕೃತಿ ಕೇಳಿ. ಶಾಲೆ ಮಕ್ಕಳಾದ್ರೆ ತಂದೆ ತಾಯಿ ಜೊತೆಗೆ ಹೋಗಲಿ.

ಪುರಸಭೆ ಬೋರ್ಡ್ ಬಗ್ಗೆ ಅನುಮಾನ ಇದ್ರೆ: ಮಾಹಿತಿ ಹಕ್ಕು ಕಾಯ್ದೆ, 2005ರಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್‌ನವರಿಗೆ ಉಚಿತ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಹೀಗೆ ಕೇಳಿ: 'ಇಂಥ ವಾಣಿಜ್ಯ ಮಳಿಗೆಯಲ್ಲಿ ಸೈಕಲ್ ನಿಷೇಧಿಸಿ ಹಾಕಿರುವ ಫಲಕಕ್ಕೆ ಸಂಬಂಧಿಸಿದ ನಿರ್ಣಯ ಅಥವಾ ಆದೇಶದ ಪ್ರತಿ ಕೊಡಿ. ಈ ಮಳಿಗೆಗೆ ಸೈಕಲ್ ನಿಲುಗಡೆಗೆ ಗುರುತಿಸಿದ ಜಾಗದ ನಕ್ಷೆ ಕೊಡಿ.' 30 ದಿನದೊಳಗೆ ಉತ್ತರ ಬರಬೇಕು. ಬರದಿದ್ರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು. ಆದೇಶವೇ ಇಲ್ಲ ಅಂತ ಉತ್ತರ ಬಂದ್ರೆ ಬೋರ್ಡ್ ತೆಗೆಸೋಕೆ ಅದೇ ಸಾಕು. ಆದ್ರೆ ಬೋರ್ಡ್ ತೆಗೆಸೋದಕ್ಕಿಂತ ಸ್ಟ್ಯಾಂಡ್ ಹಾಕಿಸೋದು ಲಾಭ, ಅರ್ಜಿಯಲ್ಲಿ ಎರಡನೇ ಪ್ರಶ್ನೆ ಅದಕ್ಕೇ.

ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂದ್ರೆ: ತಾಲ್ಲೂಕು ಕೋರ್ಟ್ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಮ್ಮಿ ಆದಾಯದವರಿಗೆ ಉಚಿತ ನೆರವು ಸಿಗುತ್ತೆ. ಸಹಾಯವಾಣಿ 15100.

ಕೊನೆಗೆ ಒಂದು ಮಾತು. ನನ್ನ ಸೈಕಲ್ ಗಾಳಿ ಬಿಟ್ಟ ಆ ಕಾಂಪ್ಲೆಕ್ಸ್‌ಗೆ ಹೋದ ವಾರ ಇದೇ ವಿಷಯಕ್ಕೆ ಹೋಗಿದ್ದೆ. ಬೋರ್ಡ್‌ಗೆ ಹೊಸ ಪೇಂಟ್ ಆಗಿದೆ, ಸ್ಟ್ಯಾಂಡ್ ಮಾತ್ರ ಇನ್ನೂ ಇಲ್ಲ. ಮೆಟ್ಟಿಲ ಕೆಳಗೆ ಮೂರು ಸೈಕಲ್ ಹಂಗೇ ನಿಂತಿದ್ವು. ನಿಮ್ಮ ಊರಿನ ಕಾಂಪ್ಲೆಕ್ಸ್‌ನಲ್ಲಿ ಸ್ಟ್ಯಾಂಡ್ ಇದ್ರೆ ಅಥವಾ ಹೊಸದಾಗಿ ಹಾಕಿಸಿದ್ರೆ ಫೋಟೋ ಕಳಿಸಿ, ಊರಿನ ಹೆಸರು ಸಮೇತ ಹಾಕ್ತೀವಿ. ಬೇರೆ ಅಂಗಡಿಯವರೂ ನೋಡಿ ಹಾಕಿಸಲಿ.